ಪಂಕ್ಚರ್ ಆದರೆ ಮೊದಲು ಮುಳ್ಳು ಹುಡುಕಿ

ಸೈಕಲ್ಲಿನಲ್ಲಿ ಸುಮ್ನೆ ಒಂದು ಸುತ್ತು ಹೊರಟರೂ ಸ್ಪೇರ್ ಟ್ಯೂಬ್, ಟೈರ್ ಬಿಚ್ಚುವ ಲಿವರ್, ಪುಟ್ಟ ಪಂಪ್ ಜೊತೆಗಿರಲಿ. ಪಂಕ್ಚರ್ ಆದರೆ ಹೊಸ ಟ್ಯೂಬ್ ಹಾಕುವ ಅವಸರ ಮಾತ್ರ ಬೇಡ. ಮುಳ್ಳು ಟೈರಿನಲ್ಲೇ ಉಳಿದಿದ್ದರೆ ಅದೂ ಹೋಗುತ್ತದೆ, ಅಲ್ವಾ? ಹಳೇ ಟ್ಯೂಬಿಗೆ ಗಾಳಿ ತುಂಬಿ, ತೂತು ವಾಲ್ವಿನಿಂದ ಎಷ್ಟು ದೂರ ಇದೆ ನೋಡಿ. ಟೈರಿನಲ್ಲೂ ವಾಲ್ವ್ ಇದ್ದ ಜಾಗದಿಂದ ಅಷ್ಟೇ ದೂರದಲ್ಲಿ, ಎರಡೂ ಕಡೆ ಹುಡುಕಿ. ಬರಿಗೈಯಲ್ಲಿ ತಡಕಬೇಡಿ, ಗಾಜಿನ ಚೂರಿದ್ದರೆ ಬೆರಳು ಕುಯ್ಯುತ್ತದೆ. ಬಟ್ಟೆಯಿಂದ ಒಳಮೈ ಸವರಿದರೆ ಸಣ್ಣ ತಂತಿಗೂ ನೂಲು ಸಿಕ್ಕಿಕೊಳ್ಳುತ್ತದೆ.

ಅಕ್ಕಪಕ್ಕ ಎರಡು ತೂತು ಇದ್ದರೆ ಅದು ಸಾಮಾನ್ಯವಾಗಿ ಮುಳ್ಳಿನದಲ್ಲ. ಚಕ್ರ ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಜಜ್ಜಿರುತ್ತದೆ. ಗಾಳಿ ಕಮ್ಮಿ ಇದ್ದರೆ ಹೀಗಾಗುವುದು ಜಾಸ್ತಿ. ಎಷ್ಟು ಗಾಳಿ ಹಿಡಿಸುತ್ತದೆ ಅನ್ನೋದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.