ಮೊದಲ ವಿಡಿಯೋ ಮಾಡುವವರಿಗೆ: ಒಂದು ಚನ್ನಪಟ್ಟಣದ ಗೊಂಬೆ, ಒಂದು ಫೋನ್, ಎರಡು ನಿಮಿಷ

ವಿಡಿಯೋ ಎಡಿಟಿಂಗ್ ಕಲಿಯಬೇಕು ಅಂದವರೆಲ್ಲ ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಅಂತ. ಅದನ್ನು ಆಮೇಲೆ ನೋಡೋಣ. ಶೂಟ್ ಮಾಡುವಾಗ ಬೇಕಾದ ಶಾಟ್ ತೆಗೆದಿಲ್ಲ ಅಂದರೆ ಯಾವ ಸಾಫ್ಟ್‌ವೇರೂ ಅದನ್ನು ತಂದುಕೊಡುವುದಿಲ್ಲ. ಹಾಗಾಗಿ ಪೂರ್ತಿ ಮುಗಿಸಬಹುದಾದ ಒಂದು ಸಣ್ಣ ಕೆಲಸ ಹಿಡಿದು, ಶೂಟಿಂಗ್ ಎಡಿಟಿಂಗ್ ಎರಡನ್ನೂ ಒಟ್ಟಿಗೇ ಕಲಿಯಿರಿ.

ಹೊಸಬರಿಗೆ ನಾನು ಹೇಳುವುದು ಚನ್ನಪಟ್ಟಣದ ಗೊಂಬೆ. ಬೆಂಗಳೂರಿನಿಂದ ಸುಮಾರು 60 ಕಿ.ಮೀ., ಮೈಸೂರು ರಸ್ತೆಯಲ್ಲಿ. ಆಲೆ ಮರದ ತುಂಡೊಂದು ಲೇತ್‌ಗೆ (ಮರವನ್ನು ತಿರುಗಿಸುವ ಯಂತ್ರ) ಏರಿ, ಆಕಾರ ಪಡೆದು, ಬಣ್ಣ ಬಳಿದುಕೊಂಡು ಗೊಂಬೆಯಾಗಿ ಇಳಿಯುವ ತನಕ ಎರಡು ನಿಮಿಷದ ವಿಡಿಯೋ. ಈ ಕೆಲಸಕ್ಕೆ ಶುರು ಇದೆ, ಕೊನೆ ಇದೆ, ನಡುವೆ ಕಣ್ಣಿಗೆ ಕಾಣುವ ಬದಲಾವಣೆ ಇದೆ. ನಿಮ್ಮೂರಲ್ಲಿ ಮಗ್ಗ ಇದ್ದರೆ, ಕುಂಬಾರರಿದ್ದರೆ ಅದೂ ಆಗುತ್ತದೆ.

ಮೊದಲು ಫೋನ್ ಸೆಟ್ಟಿಂಗ್. ಚಿತ್ರದ ಗಾತ್ರ 1080ಪಿ ಸಾಕು, 4ಕೆ ಬೇಡ, ಕಲಿಯುವಾಗ ಸುಮ್ನೆ ಲ್ಯಾಪ್‌ಟಾಪ್ ಒದ್ದಾಡುತ್ತದೆ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) 25, ಶಟರ್ (ಪ್ರತಿ ಚಿತ್ರಕ್ಕೆ ಎಷ್ಟು ಹೊತ್ತು ಬೆಳಕು) 1/50 ಸೆಕೆಂಡ್. ಇದಕ್ಕೆ ಕಾರಣ ಇದೆ. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ಬಲ್ಬ್ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅದು ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಶಟರ್ ಇದಕ್ಕೆ ಹೊಂದದಿದ್ದರೆ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಓಡಾಡುತ್ತವೆ, ಎಡಿಟಿಂಗ್‌ನಲ್ಲಿ ಅದನ್ನು ತೆಗೆಯುವುದು ಬಹಳ ಕಷ್ಟ. ಫೋನಿನಲ್ಲಿ 30 ಫ್ರೇಮ್ ಮಾತ್ರ ಇದ್ದರೂ ಪರವಾಗಿಲ್ಲ, ಶಟರ್ 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಬರುವುದಿಲ್ಲ. ಐಫೋನ್‌ನಲ್ಲಿ 25 ಫ್ರೇಮ್ ಕಾಣಬೇಕಾದರೆ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಪಾಲ್ (PAL) ಫಾರ್ಮ್ಯಾಟ್ ಆನ್ ಮಾಡಿ. ಶಟರ್ ನಾವೇ ಹೊಂದಿಸಲು ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನೋ ಆ್ಯಪ್ ಇದೆ, ಉಚಿತ, ಐಫೋನ್‌ಗೂ ಇದೆ, ಹಲವು ಆಂಡ್ರಾಯ್ಡ್ ಫೋನ್‌ಗಳಿಗೂ ಇದೆ. ಎಚ್‌ಡಿಆರ್ (ಬೆಳಕು ನೆರಳು ಎರಡನ್ನೂ ಜಾಸ್ತಿ ಹಿಡಿಯುವ ಮೋಡ್) ಆಫ್ ಮಾಡಿ, ಇಲ್ಲದಿದ್ದರೆ ಎಡಿಟ್ ಮಾಡುವಾಗ ಬಣ್ಣ ವಿಚಿತ್ರವಾಗಿ ಕಾಣುತ್ತದೆ. ಫೋನಿನಲ್ಲಿ 10 ಜಿಬಿ ಖಾಲಿ ಇರಲಿ, ಎಚ್.264 ಅನ್ನೋ ಮಾಮೂಲಿ ವಿಡಿಯೋ ಫಾರ್ಮ್ಯಾಟ್‌ನಲ್ಲಿ ನಿಮಿಷಕ್ಕೆ 130 ಎಂಬಿ ಹತ್ತಿರ ಹೋಗುತ್ತದೆ.

ಇನ್ನೊಂದು, ಇದನ್ನು ಬಹಳ ಜನ ಮಾಡುವುದೇ ಇಲ್ಲ: ಸ್ಕ್ರೀನ್ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕು ಲಾಕ್ ಮಾಡಿ. ಕೆಲಸ ಮಾಡುವವರ ಕೈ ಅತ್ತಿತ್ತ ಆಡಿದಾಗಲೆಲ್ಲ ಚಿತ್ರ ಬೆಳ್ಳಗಾಗಿ, ಕಪ್ಪಾಗಿ, ಮತ್ತೆ ಬೆಳ್ಳಗಾದರೆ ಅಂಥ ಶಾಟ್ ಬಳಸಲು ಬರುವುದಿಲ್ಲ.

ಈಗ ಶಾಟ್‌ಗಳು. ಜಾಗ ಕಾಣುವ ದೂರದ ಶಾಟ್, ಮನುಷ್ಯ ಮತ್ತು ಲೇತ್ ಒಟ್ಟಿಗೆ ಕಾಣುವ ಮಧ್ಯದ ಶಾಟ್, ಆಮೇಲೆ ಕೈ, ಉಳಿ, ಮುಖ ಹತ್ತಿರದಿಂದ. ಹತ್ತಿರದ ಶಾಟ್ ಜಾಸ್ತಿ ತೆಗೆಯಿರಿ, ಎಡಿಟಿಂಗ್ ಟೇಬಲ್ ಮೇಲೆ ಕಾಪಾಡುವುದು ಅವೇ. ಪ್ರತಿ ಶಾಟ್ ಕನಿಷ್ಠ 10 ಸೆಕೆಂಡ್ ಅಲ್ಲಾಡದೆ ಇರಲಿ, ಝೂಮ್ ಬೇಡ, ಕ್ಯಾಮೆರಾ ತಿರುಗಿಸುವುದೂ ಬೇಡ. ಸಾಧ್ಯವಾದರೆ ಟ್ರೈಪಾಡ್ ಇಡಿ, ಇಲ್ಲಾಂದ್ರೆ ಮೊಣಕೈ ಎರಡೂ ಪಕ್ಕೆಗೆ ಒತ್ತಿಕೊಂಡು ನಿಲ್ಲಿ.

ಈ ಕೆಲಸದಲ್ಲಿ ತಪ್ಪಿಸಲೇಬಾರದ ಶಾಟ್ ಒಂದಿದೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಂದೆರಡು ಸೆಕೆಂಡಿನಲ್ಲಿ ಬಿಳಿ ಮರದ ಮೇಲೆ ಕೆಂಪು ಸುತ್ತು ಮೂಡುತ್ತದೆ. ಆಮೇಲೆ ಕೇದಿಗೆ ಎಲೆ ಹಿಡಿದು ಒತ್ತಿದರೆ ಮಂಕಾಗಿದ್ದ ಬಣ್ಣ ಅಲ್ಲೇ ಹೊಳೆಯಲು ಶುರುವಾಗುತ್ತದೆ. ಈ ಎರಡು ಕ್ಷಣ ಸಿಗದಿದ್ದರೆ ವಿಡಿಯೋನೇ ಇಲ್ಲ.

ಒಂದೇ ಫೋನ್ ಇದ್ದರೆ ಎರಡು ಕೋನ ಹೇಗೆ? ಗೊಂಬೆ ಮಾಡುವವರು ಒಂದೇ ಥರದ್ದನ್ನು ಹತ್ತಾರು ಮಾಡುತ್ತಾರಲ್ವಾ, ಅದೇ ನಿಮ್ಮ ಅನುಕೂಲ. ಮೊದಲನೇ ಗೊಂಬೆಗೆ ಬಣ್ಣ ಹಚ್ಚುವಾಗ ಮಧ್ಯದ ಶಾಟ್, ಎರಡನೇದಕ್ಕೆ ಕೈಯ ಹತ್ತಿರದ ಶಾಟ್, ಮೂರನೇದಕ್ಕೆ ಮುಖ. ಜೋಡಿಸಿದಾಗ ಮೂರು ಕ್ಯಾಮೆರಾ ಇದ್ದ ಹಾಗೆ ಕಾಣುತ್ತದೆ. ಆದರೆ ಬಣ್ಣ ಒಂದೇ ಇರಬೇಕು, ನೀವು ಲೇತ್‌ನ ಒಂದೇ ಬದಿಯಲ್ಲಿ ಇರಬೇಕು. ಆ ಕಡೆಗೆ ದಾಟಿದರೆ ಎಡದಿಂದ ಬಲಕ್ಕೆ ಹೋಗುತ್ತಿದ್ದ ಉಳಿ ಮುಂದಿನ ಶಾಟ್‌ನಲ್ಲಿ ಬಲದಿಂದ ಎಡಕ್ಕೆ ಹೋಗುತ್ತದೆ, ನೋಡುವವರಿಗೆ ಗೊಂದಲ. ಮರದ ಚೂರು ಹಾರುತ್ತಿರುತ್ತವೆ, ತೀರಾ ಬಾಗಬೇಡಿ.

ಶಬ್ದದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಹತ್ತು ಸೆಕೆಂಡಿಗೆ ಬಿಟ್ಟುಹೋಗುತ್ತಾರೆ. "ಅಣ್ಣಾ, ಎರಡು ನಿಮಿಷ ಮೋಟಾರ್ ಆಫ್ ಮಾಡ್ತೀರಾ, ನಿಮ್ಮ ಮಾತು ರೆಕಾರ್ಡ್ ಮಾಡ್ಕೋಬೇಕು" ಅಂತ ಕೇಳಿ. ಕಾಲರ್‌ಗೆ ಸಿಕ್ಕಿಸುವ ವೈರ್ ಮೈಕ್ ಒಂದು ಸಾಕು. ಅದೂ ಇಲ್ಲದಿದ್ದರೆ ಇನ್ನೊಂದು ಫೋನಿನಲ್ಲಿ ರೆಕಾರ್ಡರ್ ಆನ್ ಮಾಡಿ ಅವರ ಜೇಬಿನಲ್ಲಿ ಇಡಿ, ಶುರುವಿನಲ್ಲಿ ಒಮ್ಮೆ ಕ್ಯಾಮೆರಾ ಎದುರು ಚಪ್ಪಾಳೆ ತಟ್ಟಿ, ಆ ಸದ್ದು ನೋಡಿಕೊಂಡು ಆಮೇಲೆ ಎರಡನ್ನೂ ಹೊಂದಿಸಬಹುದು. ಲೇತ್ ಸದ್ದನ್ನು ಬೇರೆಯಾಗಿ ಒಂದು ನಿಮಿಷ, ಯಾರೂ ಮಾತಾಡದ ಖಾಲಿ ಕೋಣೆಯ ಸದ್ದು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಮಾತಿನ ನಡುವೆ ಕತ್ತರಿಸಿದ ಜಾಗಗಳಲ್ಲಿ ಈ ಕೋಣೆಯ ಸದ್ದು ತುಂಬಿದರೆ ಕತ್ತರಿ ಹಾಕಿದ್ದು ಗೊತ್ತಾಗುವುದಿಲ್ಲ.

ಮನೆಗೆ ಬಂದ ಕೂಡಲೇ ಎಲ್ಲಾ ಫೈಲ್‌ಗಳನ್ನೂ ಎರಡು ಕಡೆ ಕಾಪಿ ಮಾಡಿ. ಆಮೇಲೆ ಸಾಫ್ಟ್‌ವೇರ್. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಇಷ್ಟು ಕೆಲಸಕ್ಕೆ ಧಾರಾಳ, ಪೇಯ್ಡ್ ಎಫೆಕ್ಟ್‌ಗಳನ್ನು ಮುಟ್ಟದಿದ್ದರೆ ವಾಟರ್‌ಮಾರ್ಕ್ (ಚಿತ್ರದ ಮೇಲೆ ಕಂಪನಿಯ ಗುರುತು) ಬರುವುದಿಲ್ಲ. ಲ್ಯಾಪ್‌ಟಾಪ್ ಹಳೆಯದಾದರೆ ಶಾಟ್‌ಕಟ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ. ರಿಸಾಲ್ವ್‌ನಲ್ಲಿ ಫೈಲ್ ಒಳಗೆ ತರುವ ಮೊದಲೇ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟ್ 25 ಮಾಡಿ (30ರಲ್ಲಿ ಶೂಟ್ ಮಾಡಿದ್ದರೆ 30), ಆಮೇಲೆ ಪ್ರಾಜೆಕ್ಟ್‌ನ ರೇಟ್ ಬದಲಾಯಿಸಲು ಬಿಡುವುದಿಲ್ಲ.

ಮೊದಲು ಮಾತನ್ನು ಮಾತ್ರ ಜೋಡಿಸಿ, ಚಿತ್ರದ ಕಡೆ ನೋಡಲೇಬೇಡಿ. ಕಣ್ಣು ಮುಚ್ಚಿ ಕೇಳಿದರೂ ಕಥೆ ಅರ್ಥವಾಗಬೇಕು. ಅದು ಸರಿಯಾದ ಮೇಲೆ ಮೇಲಿನ ಟ್ರ್ಯಾಕ್‌ನಲ್ಲಿ (ಟೈಮ್‌ಲೈನ್‌ನ ಮೇಲಿನ ಸಾಲು) ಕೆಲಸದ ಶಾಟ್‌ಗಳನ್ನು ಇಡುತ್ತಾ ಹೋಗಿ. ಕೀಬೋರ್ಡ್‌ನಲ್ಲಿ ಜೆ, ಕೆ, ಎಲ್ ಹಿಂದಕ್ಕೆ, ನಿಲ್ಲಿಸಲು, ಮುಂದಕ್ಕೆ. ಐ ಮತ್ತು ಓ ಒತ್ತಿದರೆ ಶಾಟ್‌ನ ಶುರು, ಕೊನೆ. ರಿಸಾಲ್ವ್‌ನಲ್ಲಿ ಕಂಟ್ರೋಲ್ ಬಿ ಕತ್ತರಿ. ಇಷ್ಟು ಬೆರಳಿಗೆ ರೂಢಿಯಾದರೆ ಮುಕ್ಕಾಲು ಎಡಿಟಿಂಗ್ ಬಂದ ಹಾಗೆ.

ಎಲ್ಲಿ ಕತ್ತರಿಸಬೇಕು? ಕೈ ಆಡುತ್ತಿರುವಾಗ. ಅರಗಿನ ಕಡ್ಡಿ ಮರದತ್ತ ಹೋಗುತ್ತಿರುವುದನ್ನು ಮಧ್ಯದ ಶಾಟ್‌ನಲ್ಲಿ ತೋರಿಸಿ, ಅದು ಇನ್ನೇನು ತಾಗಬೇಕು ಅನ್ನುವಾಗ ಹತ್ತಿರದ ಶಾಟ್‌ಗೆ ಬನ್ನಿ. ನೋಡುವವರ ಗಮನ ಕೈಯ ಮೇಲಿರುತ್ತದೆ, ಕಟ್ ಕಣ್ಣಿಗೆ ಬೀಳುವುದಿಲ್ಲ. ಕೈ ನಿಂತ ಮೇಲೆ ಕತ್ತರಿಸಿದರೆ ಜಿಗಿದ ಹಾಗಾಗುತ್ತದೆ. ಲೇತ್ ಸದ್ದು ಚಿತ್ರಕ್ಕಿಂತ ಅರ್ಧ ಸೆಕೆಂಡ್ ಮೊದಲೇ ಶುರುವಾಗಲಿ, ಇನ್ನೂ ಮೃದುವಾಗುತ್ತದೆ. ತಿರುಗುವ, ಕರಗುವ ಟ್ರಾನ್ಸಿಷನ್‌ಗಳು ದಯವಿಟ್ಟು ಬೇಡ.

ಸಾಫ್ಟ್‌ವೇರ್‌ನ ಸದ್ದಿನ ಮೀಟರ್‌ನಲ್ಲಿ ಮಾತಿನ ಮಟ್ಟ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಆಡಲಿ, ಲೇತ್ ಸದ್ದು ಅದಕ್ಕಿಂತ ಸಾಕಷ್ಟು ಕೆಳಗೆ. ಸಿನಿಮಾ ಹಾಡು ಹಾಕಬೇಡಿ, ಕಾಪಿರೈಟ್ ಕ್ಲೇಮ್ ಬರುತ್ತದೆ. ಸಂಗೀತ ಬೇಕೇ ಬೇಕು ಅಂದರೆ ಯೂಟ್ಯೂಬ್‌ನ ಆಡಿಯೋ ಲೈಬ್ರರಿಯಲ್ಲಿದೆ.

ಕನ್ನಡದಲ್ಲಿ ಹೆಸರು, ಸಬ್‌ಟೈಟಲ್ ಹಾಕುವಾಗ ಒತ್ತಕ್ಷರ ನೋಡಿಕೊಳ್ಳಿ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಯೂನಿಕೋಡ್ ಪಠ್ಯ ಸರಿಯಾಗಿ ಬರುವುದಿಲ್ಲ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ 2 ಎರಡೂ ಉಚಿತ, ಎರಡೂ ಯೂನಿಕೋಡ್. ಆದರೂ ‘ಚನ್ನಪಟ್ಟಣ’ದ ಟ್ಟ ಒಡೆದು ‘ಟ್‌ಟ’ ಆಗಿ ಕಂಡರೆ, ಆ ಹೆಸರನ್ನು ಬೇರೆ ಸಾಫ್ಟ್‌ವೇರ್‌ನಲ್ಲಿ ಬರೆದು ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ತಂದು ಇಡಿ. ಒಡೆದ ಅಕ್ಷರದ ಜೊತೆ ವಿಡಿಯೋ ಹೊರಗೆ ಬಿಡಬೇಡಿ, ನಮ್ಮ ಭಾಷೆಗೆ ಅಷ್ಟು ಮರ್ಯಾದೆ ಕೊಡಲೇಬೇಕು.

ಕೊನೆಗೆ ಎಂಪಿ4, ಎಚ್.264, 1080ಪಿ, ಬಿಟ್‌ರೇಟ್ 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್) ಹತ್ತಿರ ಇಟ್ಟು ಎಕ್ಸ್‌ಪೋರ್ಟ್ ಮಾಡಿ, ಹೆಡ್‌ಫೋನ್‌ನಲ್ಲಿ ಒಮ್ಮೆ, ಫೋನಿನ ಸ್ಪೀಕರ್‌ನಲ್ಲಿ ಒಮ್ಮೆ ಕೇಳಿ. ಹಾಕುವ ಮೊದಲು ಗೊಂಬೆ ಮಾಡಿದವರಿಗೆ ಕಳಿಸಿ, ಅವರ ಹೆಸರು, ಕೆಲಸದ ವಿವರ ಸರಿಯಿದೆಯಾ ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ವಿಡಿಯೋ ಆಗಿ ಕಳಿಸಿದರೆ ಗುಣಮಟ್ಟ ಇಳಿದುಹೋಗುತ್ತದೆ.