ಹಿಮ ಬೀಳುವ ಹಿಂದಿನ ಸಂಜೆ: ನನ್ನ ಅನುಭವ

ಬೆಟ್ಟದಲ್ಲಿ ಜೊತೆಗೆ ಸ್ಕೀ ಮಾಡುವವರಿಗೆ, ಹಿಮಕುಸಿತದಿಂದ ಉಳಿಯಬೇಕಾದರೆ ಅಂತ, ನಾಲ್ಕು ಸೀಸನ್ನಿಂದ ಒಂದೇ ಮಾತು ಹೇಳುತ್ತಿದ್ದೆ. ಹೊಸ ಹಿಮ ಬೀಳುವ ಮುಂಚೆ ಮೇಲ್ಮೈ ಹೇಗಿತ್ತು ಅಂತ ಬರೆದಿಡಿ, ಆಮೇಲೆ ಮೂರು ನಾಲ್ಕು ವಾರ ಉಪಯೋಗಕ್ಕೆ ಬರುತ್ತದೆ. "ಪಿಟ್ (ಹಿಮದ ಪದರ ನೋಡುವ ಗುಂಡಿ) ತೋಡಿದರೆ ಗೊತ್ತಾಗುತ್ತಲ್ಲ, ನಿನ್ನ ಡೈರಿ ಯಾಕೆ?" ಅಂತ ಜೊತೆಯವರು ನಗುತ್ತಿದ್ದರು. ಈ ಸಲ ಅವರೇ ಡೈರಿ ಕೇಳಿದರು.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಶುರುವಿನಲ್ಲಿ ಹಿಮಕುಸಿತದ ಕೋರ್ಸಿಗೆ ಇಟ್ಟಿದ್ದ ದುಡ್ಡನ್ನು ಏರ್‌ಬ್ಯಾಗಿಗೆ (ಹಿಮ ಜಾರಿದಾಗ ಉಬ್ಬಿ, ಹೂತುಹೋಗದಂತೆ ನೆರವಾಗುವ ಚೀಲ) ಸುರಿದೆ. ಹೂತವರನ್ನು ಹುಡುಕುವ ಬೀಕನ್ (ಸಿಗ್ನಲ್ ಯಂತ್ರ), ಪ್ರೋಬ್ (ಚುಚ್ಚಿ ನೋಡುವ ಕೋಲು), ಸಲಿಕೆ ಮೂರೂ ಸೇರಿದ್ದಕ್ಕಿಂತ ಜಾಸ್ತಿ ಅದೊಂದಕ್ಕೇ ಹೋಯಿತು. ಆ ಚಳಿಗಾಲವೇ 35 ಡಿಗ್ರಿ ಇಳಿಜಾರಿನಲ್ಲಿ ಮುಕ್ಕಾಲು ಗಂಟೆ ಬೆವರು ಸುರಿಸಿ ಪಿಟ್ ತೋಡಿದೆವು. ಇಸಿಟಿಯಲ್ಲಿ, ಅಂದರೆ ಕತ್ತರಿಸಿದ ಹಿಮದ ಕಾಲಂ ಮೇಲೆ ಕೈಯಿಂದ ತಟ್ಟಿ ಪದರ ಜಾರುತ್ತದಾ ಅಂತ ನೋಡುವ ಪರೀಕ್ಷೆಯಲ್ಲಿ, 30 ಏಟಿಗೂ ಕಾಲಂ ಅಲುಗಲಿಲ್ಲ. ಖುಷಿಯಿಂದ ಹೊರಟೆವು. ಎಂಬತ್ತು ಮೀಟರ್ ಆಚೆ, ಗಾಳಿ ಹಿಮ ತಂದು ಪೇರಿಸಿದ್ದ ಕಡೆ, ಕಾಲಡಿ ಒಳಗಿನ ದುರ್ಬಲ ಪದರ ಕುಸಿದು 'ವೂಂಫ್' ಅಂತು. ಬಿರುಕು ಸ್ಕೀ ತುದಿಯಿಂದ ಹತ್ತು ಹನ್ನೆರಡು ಮೀಟರ್ ಓಡಿ ನಿಂತಿತು. ಜಾರಲಿಲ್ಲ, ಪುಣ್ಯ. ಒಂದು ಗುಂಡಿ ಆ ಒಂದು ಜಾಗದ ಕಥೆ ಮಾತ್ರ ಹೇಳುತ್ತದೆ ಅಂತ ಅವತ್ತು ತಲೆಗೆ ಹೋಯಿತು.

ಅಲ್ಲಿಂದ ಡೈರಿ ಶುರು. ಹಿಮ ಬರುವ ಸೂಚನೆ ಇದ್ದ ಸಂಜೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡುತ್ತೇನೆ. ಗರಿಯಂಥ ಹೋರ್ ಹರಳು (ಹಿಮದ ಮೇಲೆ ಇಬ್ಬನಿಯಂತೆ ಕಟ್ಟುವ ಮಂಜು, ಹೊಸ ಹಿಮದಡಿ ಹೂತರೆ ದುರ್ಬಲ ಪದರ) ಇದ್ದರೆ ಮಿಣಮಿಣ ಹೊಳೆಯುತ್ತದೆ. ಉದ್ದ ಎಷ್ಟು, ಯಾವ ದಿಕ್ಕಿನ ಇಳಿಜಾರು, ಕ್ರಸ್ಟ್ (ಗಟ್ಟಿಯಾದ ಮೇಲ್ಪದರ) ಇದೆಯಾ, ಅಷ್ಟೇ ಬರೆಯುವುದು. ಗಾಳಿಯೋ ಬಿಸಿಲೋ ಬಂದು ಹರಳು ಹಾಳಾದರೆ ಆ ಸಾಲು ಹೊಡೆದುಹಾಕುತ್ತೇನೆ. ಸದ್ದಿಲ್ಲದೆ ಹಿಮ ಬಿದ್ದು ಅದನ್ನು ಮುಚ್ಚಿತೋ, ತಾರೀಖಿನ ಸುತ್ತ ಕೆಂಪು ಗೆರೆ.

ಮಧ್ಯೆ ಒಂದು ಪ್ರಯೋಗವೂ ಆಯಿತು. ಪಿಟ್ಟಿನಲ್ಲಿ ಪದರ ಸುಲಭವಾಗಿ ಕಾಣಲಿ ಅಂತ ಮೇಲ್ಮೈಗೆ ಇದ್ದಿಲ ಪುಡಿ ಉದುರಿಸಿದೆ. ಕಪ್ಪು ಬಣ್ಣ ಬಿಸಿಲು ಹೀರಿ ಹಿಮ ಕರಗಿಸಿತು. ರಾತ್ರಿ ಅದೇ ಗಟ್ಟಿ ಕ್ರಸ್ಟ್ ಆಯಿತು. ಅಳೆಯಲು ಹೋದ ಪದರವನ್ನು ನಾನೇ ಕೆಡಿಸಿದ್ದೆ! ಈಗ ಬೇರೆ ಪುಡಿ, ಕತ್ತಲಾದ ಮೇಲೆ. ಯಾವ ಪುಡಿ ಅಂತ ಮಾತ್ರ ಕೇಳಬೇಡಿ.

ಈ ಸೀಸನ್ನಿನಲ್ಲಿ ಐದಾರು ರಾತ್ರಿ ಮೋಡವಿಲ್ಲ, ಗಾಳಿಯಿಲ್ಲ. ನೆರಳಿನ ಕಡೆ ಹರಳು 8-10 ಮಿಲಿಮೀಟರ್ ಬೆಳೆದಿತ್ತು. ಮೇಲೆ ಹತ್ತಿಯಂತೆ 15 ಸೆಂಟಿಮೀಟರ್ ಹಿಮ, ಆಮೇಲೆ ಎರಡು ಬಿರುಗಾಳಿ. ಹತ್ತೊಂಬತ್ತೋ ಇಪ್ಪತ್ತೋ ದಿನ ಕಳೆದಿತ್ತು. ಹಿಮಕುಸಿತದ ಅಪಾಯದ ಮಟ್ಟ ಐದರಲ್ಲಿ 2ಕ್ಕೆ ಇಳಿದಿತ್ತು. ಎಲ್ಲರಿಗೂ ದೊಡ್ಡ ಇಳಿಜಾರಿನ ಆಸೆ. "60 ಸೆಂಟಿಮೀಟರ್ ತೋಡಿ, ಹೂತ ಹರಳಿನ ಬೂದು ಗೆರೆ ಸಿಗದಿದ್ದರೆ ನಾನೇ ಮೊದಲು ಇಳಿಯುತ್ತೇನೆ" ಅಂದೆ. 62ರಲ್ಲಿ ಸಿಕ್ಕಿತು. ನೂಲಿನಷ್ಟು ತೆಳು. ಇಸಿಟಿ ಮಾಡಿದೆವು. ಮಣಿಕಟ್ಟಿನಿಂದ ಹೊಡೆಯುವ ಹತ್ತು ಮುಗಿದು, ಮೊಣಕೈಯಿಂದ ಹೊಡೆಯುವ ಏಟು ಶುರುವಾಗಿ ನಾಲ್ಕನೆಯದು, ಅಂದರೆ 14ನೇ ಏಟು. 90 ಸೆಂಟಿಮೀಟರ್ ಅಗಲದ ಕಾಲಂ ಪೂರ್ತಿ ಒಂದೇ ಸಲ ಜಾರಿ ಮಡಿಲಿಗೆ ಬಿತ್ತು.

ಯಾರೂ ಮಾತಾಡಲಿಲ್ಲ. 25 ಡಿಗ್ರಿಯ ದಿಣ್ಣೆ ಹಿಡಿದು, ಮೇಲೆ ಕಡಿದಾದ ಇಳಿಜಾರು ಇಲ್ಲದ ಕಡೆಯಿಂದಲೇ ವಾಪಸ್ ಬಂದೆವು. ಎರಡು ದಿನದ ಮೇಲೆ ನೋಡಿದರೆ ಪಕ್ಕದ ಕಣಿವೆಯಲ್ಲಿ ಅದೇ ದಿಕ್ಕಿನ ಇಳಿಜಾರು ಅಗಲಕ್ಕೆ ಕಿತ್ತು ಬಂದಿತ್ತು.

ಜಾಸ್ತಿ ನಗುತ್ತಿದ್ದವನು ಈಗ ಸಂಜೆಯಾದರೆ ಟಾರ್ಚ್ ಹಿಡಿದು ಹೊರಗೆ ಹೋಗುತ್ತಾನೆ. ಹರಳಿನ ಉದ್ದ ಮಾತ್ರ ಅಳೆಯುವುದಿಲ್ಲ, 'ಸುಮಾರು' ಅಂತ ಬರೆಯುತ್ತಾನೆ. ಆ ಜಗಳ ಇನ್ನೂ ನಡೆದಿದೆ.