ಮೈಕ್‌ಗಿಂತ ಮೊದಲು ಶ್ರುತಿ

ಮೂಲ ಗಾಯಕಿ ಹಾಡಿದ ಶ್ರುತಿಯಲ್ಲೇ ಹಾಡಬೇಕು ಅಂತ ಯಾರೂ ಕಾನೂನು ಮಾಡಿಲ್ಲ. ಇದು ತಲೆಗೆ ಹೋಗುವವರೆಗೂ, ಸ್ಟೇಜ್ ಮೇಲೆ ಹಾಡಲು ನಾನು ಹಿಂಜರಿಯುವುದು ಬರೀ ನಾಚಿಕೆಗೆ ಅಂತ ಎಲ್ಲರೂ ಅಂದುಕೊಂಡಿದ್ದರು, ನಾನೂ ಸೇರಿ. ನಾಚಿಕೆ ಇರಲಿಲ್ಲ ಅನ್ನಲ್ಲ. ಆದರೆ ಅರ್ಧ ಭಯ ತಾರಸ್ಥಾಯಿಯದ್ದು, ಅಂದರೆ ಮೇಲಿನ ಸ್ವರಗಳದ್ದು. ಚರಣ ಮೇಲೆ ಹೋದಾಗ ಧ್ವನಿ ಒಡೆಯುತ್ತದೆ ಅಂತ ಪಲ್ಲವಿ ಹಾಡುವಾಗಲೇ ಗೊತ್ತಿರುತ್ತಿತ್ತು. ಎದೆ ಹೊಡೆದುಕೊಳ್ಳದೆ ಇರುತ್ತದಾ?

ಇನ್ನೊಂದು ಕಷ್ಟ ಊರಿನದ್ದು. ನಮ್ಮದು ಅರಕಲಗೂಡು ತಾಲ್ಲೂಕು, ಈಗ ಇರುವುದು ಹಾಸನದಲ್ಲಿ. ಹಾಡುತ್ತೇನೆ ಅಂದರೆ ಸಾಕು, 'ಓ, ರುದ್ರಪಟ್ಟಣದ ಕಡೆಯವರಾ?' ಅನ್ನುತ್ತಾರೆ. ಕರ್ನಾಟಕ ಸಂಗೀತದ ದೊಡ್ಡ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು ಅದು. ಕಾವೇರಿ ದಡದಲ್ಲಿ ತಂಬೂರಿ ಆಕಾರದ ಮಂದಿರವೇ ಇದೆ. ಆ ಹೆಸರು ಬಂದ ಮೇಲೆ ನಾನು ಬಾಯಿ ಬಿಡುವುದು ಹೇಗೆ! ಕಲಿತದ್ದು ಶುರುವಿನ ಪಾಠಗಳಷ್ಟೇ: ಸರಳೆ, ಜಂಟಿವರಸೆ, ಒಂದಿಷ್ಟು ಗೀತೆ. ಹಾಡುವುದು ಭಾವಗೀತೆ, ದಾಸರ ಪದ.

ಫೋನಿನ ತಂಬೂರಿ ಆ್ಯಪ್ ಹಾಕಿಕೊಂಡು ನನ್ನ ಶ್ರುತಿ ಹುಡುಕಿದೆ. ಕೆಳಗಿನ ಪ ಕೇಳುವಷ್ಟು ಬರಬೇಕು, ಮೇಲಿನ ಮ ಕಿರುಚದೆ ಸಿಗಬೇಕು. ನನಗೆ ಒಗ್ಗಿದ್ದು ಐದು ಮನೆ, ಅಂದರೆ ಕೀಬೋರ್ಡಿನ ಜಿ. ಅದಕ್ಕಿಂತ ಅರ್ಧ ಮನೆ ಮೇಲಿನ ಐದೂವರೆಯೂ ಬರುತ್ತದೆ, ಆದರೆ ಮನೆಯಲ್ಲಿ ಮಾತ್ರ. ಸ್ಟೇಜ್ ಮೇಲೆ ಗಾಬರಿಗೆ ಗಂಟಲು ಬಿಗಿಯುತ್ತದೆ. ಅದಕ್ಕೇ ಅರ್ಧ ಮನೆ ಕೈಯಲ್ಲಿ ಉಳಿಸಿಕೊಂಡಿರುತ್ತೇನೆ. ಕರೋಕೆ ಟ್ರ್ಯಾಕ್ ಆದರೆ ವೇಗ ಬದಲಾಯಿಸದೆ ಪಿಚ್ ಇಳಿಸುವ ಆ್ಯಪ್‌ಗಳಿವೆ. ತೀರಾ ಇಳಿಸಿದರೆ ತಬಲಾ ಪ್ಲಾಸ್ಟಿಕ್ ಡಬ್ಬ ಬಡಿದ ಹಾಗೆ ಕೇಳುತ್ತದೆ, ಅಷ್ಟೇ.

ಧೈರ್ಯ ಕೊಟ್ಟಿದ್ದು ಮಾತ್ರ ಭಜನೆ. ನಮ್ಮ ಬೀದಿಯ ದೇವಸ್ಥಾನದಲ್ಲಿ ಶನಿವಾರ ಸಂಜೆ ಹೆಂಗಸರು ಸೇರುತ್ತೇವೆ. ಒಬ್ಬರು ಒಂದು ಸಾಲು ಹೇಳಿಕೊಡಬೇಕು, ಉಳಿದವರು ಹಿಂದೆ ಹೇಳಬೇಕು. ಮೊದಲು ಗುಂಪಿನಲ್ಲಿ ಸುಮ್ನೆ ದನಿ ಸೇರಿಸುತ್ತಿದ್ದೆ. ಹೇಳಿಕೊಡುವ ಅಜ್ಜಿಗೆ ಕೆಮ್ಮು ಹಿಡಿದಾಗ 'ನೀನೇ ಹೇಳು ಮಗಾ' ಅಂತ ತಾಳ ನನ್ನ ಕೈಗೆ ಕೊಟ್ಟರು. ಅವತ್ತು ಗೊತ್ತಾಯಿತು, ಒಬ್ಬಳೇ ಹಾಡುವುದು ಅಂದರೆ ಒಂದು ಸಾಲು ಮಾತ್ರ. ಮರುಕ್ಷಣ ಅದೇ ಸಾಲನ್ನು ಎಲ್ಲರೂ ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಉಸಿರು ಎಳೆದುಕೊಳ್ಳಬಹುದು, ಮುಂದಿನ ಸಾಲು ನೆನಪು ಮಾಡಿಕೊಳ್ಳಬಹುದು. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ, ದೇವರ ಕಡೆ ನೋಡುತ್ತಿದ್ದರು. ಸಂಕೋಚದವರಿಗೆ ಇದಕ್ಕಿಂತ ಒಳ್ಳೆ ತಾಲೀಮು ನನಗಂತೂ ಗೊತ್ತಿಲ್ಲ. ಕಾಸು ಕೊಟ್ಟು ಸೇರುವ ಕ್ಲಾಸಿನಲ್ಲೂ ಇದು ಸಿಗಲ್ಲ.

ಮೈಕ್ ಬೇರೆಯೇ ವಿದ್ಯೆ. ಅದನ್ನು ಕಲಿಸಿದ್ದು ಗಣಪತಿ ಪೆಂಡಾಲಿನ ಸೌಂಡ್ ಹುಡುಗ. ಟಾರ್ಪಾಲ್ ಮೇಲೆ ಮಳೆ ಹೊಡೆಯುತ್ತಿತ್ತು. ನಾನು ಮೈಕ್ ಜಾಲರಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದೆ. ಸ್ಪೀಕರ್ ಕುಯ್ಯ್ ಅಂತ ಶುರು ಮಾಡಿತು. ಅವನು ಓಡಿ ಬಂದ.

'ಅಕ್ಕಾ, ಅದರ ಕತ್ತು ಹಿಸುಕಬೇಡಿ. ಕೆಳಗೆ ಹಿಡೀರಿ. ಬಾಯಿಗೂ ಮೈಕ್‌ಗೂ ಮಧ್ಯೆ ನಾಲ್ಕು ಬೆರಳು.'

ಜಾಲರಿ ಮುಚ್ಚಿದರೆ ಮೈಕ್ ಹಿಂದಿನ ಸದ್ದನ್ನೂ ಎಳೆದುಕೊಳ್ಳುತ್ತದೆ. ಸ್ಪೀಕರಿನ ಸದ್ದು ಮೈಕಿಗೆ, ಮೈಕಿನದ್ದು ಮತ್ತೆ ಸ್ಪೀಕರಿಗೆ ಸುತ್ತು ಹೊಡೆದಾಗಲೇ ಆ ಕೂಗು. ಈಗ ಯಾವ ಕಾರ್ಯಕ್ರಮಕ್ಕೆ ಹೋದರೂ ಮೊದಲು ಮಾತಾಡಿಸುವುದು ಸೌಂಡಿನವರನ್ನು, ಆಮೇಲೆ ಅಧ್ಯಕ್ಷರನ್ನು. 'ಎಕೋ ಕಮ್ಮಿ ಮಾಡಿ ಅಣ್ಣ, ಮಾನಿಟರ್ ಸ್ವಲ್ಪ ನನ್ನ ಕಡೆ ತಿರುಗಿಸಿ.' ಮಾನಿಟರ್ ಅಂದರೆ ಹಾಡುವವರಿಗೇ ಕೇಳಲಿ ಅಂತ ಇಡುವ ಸ್ಪೀಕರ್. ನನ್ನ ಧ್ವನಿ ನನಗೆ ಕೇಳದಿದ್ದರೆ ಕಿರುಚಲು ಶುರು ಮಾಡುತ್ತೇನೆ, ಶ್ರುತಿ ತಪ್ಪುವುದು ಅಲ್ಲೇ. ಅವರಿಗೆ ಒಂದು ಟೀ ಕೊಡಿಸಿದರೆ ಇನ್ನೂ ಒಳ್ಳೆಯದು.

ಕೈ ನಡುಕ ಇವತ್ತಿಗೂ ಇದೆ. ಸಾಹಿತ್ಯದ ಹಾಳೆ ಪಟಪಟ ಅಂತ ಅಲ್ಲಾಡುವುದು ಮುಂದಿನ ಸಾಲಿನವರಿಗೂ ಕಾಣುತ್ತಿತ್ತು. ಮಗಳ ಪರೀಕ್ಷೆಯ ಪ್ಯಾಡಿಗೆ ಕ್ಲಿಪ್ ಮಾಡಿಕೊಂಡೆ, ಅಲ್ಲಾಡುವುದು ನಿಂತಿತು. ಮೈಕ್ ಸ್ಟ್ಯಾಂಡ್ ಇದ್ದರೆ ಬಿಡುವುದೇ ಇಲ್ಲ. ಗಾಬರಿಯಲ್ಲಿ ಹಾಡು ತಾನಾಗೇ ಓಡುತ್ತದೆ, ಅದಕ್ಕೆ ಶುರು ಮಾಡುವ ಮೊದಲು ಬೆರಳಲ್ಲಿ ಒಂದು ಆವರ್ತ, ಅಂದರೆ ಒಂದು ಪೂರ್ತಿ ಸುತ್ತು, ತಾಳ ಹಾಕಿಕೊಳ್ಳುತ್ತೇನೆ. ಮೊದಲ ಹಾಡು ಯಾವಾಗಲೂ ತೀರಾ ಮೇಲೆ ಹೋಗದ ಮಧ್ಯಸ್ಥಾಯಿಯದ್ದು, ಚಪ್ಪಾಳೆ ಬೀಳುವ ಹಾಡು ಮೂರನೆಯದು. ಮದುವೆ ರಿಸೆಪ್ಷನ್ ಒಪ್ಪಿಕೊಳ್ಳಲು ಹಿಂಜರಿಯುವವರನ್ನು ಕಂಡರೆ ನನಗೆ ಆಶ್ಚರ್ಯ. ಜನರ ಗಮನವೆಲ್ಲ ಊಟದ ಹಾಲ್ ಕಡೆ ಇರುತ್ತದೆ. ಧ್ವನಿ ಪಳಗಿಸಲು ಅದಕ್ಕಿಂತ ಒಳ್ಳೆ ಜಾಗ ಬೇಕಾ?

ರಾಜ್ಯೋತ್ಸವದ ತಿಂಗಳು ಬಂತು ಅಂದರೆ ಈಗ ಫೋನ್ ಬರುತ್ತದೆ. ಹಾಸನಾಂಬ ಕಲಾಕ್ಷೇತ್ರದಂಥ ಒಳಾಂಗಣ ಆದರೆ ನಿಶ್ಚಿಂತೆ. ಬಯಲು ಆದರೆ ಕಿವಿಗೆ ಸ್ಕಾರ್ಫ್, ಫ್ಲಾಸ್ಕಿನಲ್ಲಿ ಬಿಸಿನೀರು. ಸಂಘಟಕರಿಗೆ ನನ್ನ ಷರತ್ತು ಒಂದೇ, ಒಂಬತ್ತರ ಒಳಗೆ ನನ್ನ ಸರದಿ ಬರಬೇಕು. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು ಅನ್ನುವ ನಿಯಮ ಇದೆ. ಭಾಷಣಗಳು ಉದ್ದವಾಗಿ ನನ್ನ ಸರದಿ ಬರದೇ ಇರಲಿ ಅಂತ ಮೊದಲೆಲ್ಲ ಹರಕೆ ಹೊರುತ್ತಿದ್ದೆ. ಈಗ ಭಾಷಣ ಉದ್ದವಾದರೆ ಸಂಘಟಕರ ಹತ್ತಿರ ಹೋಗಿ ವಾಚ್ ತೋರಿಸುತ್ತೇನೆ.